ತಾಯಿಮನೆಯ ಹೆಸರು ಹೊತ್ತ ದೊರೆ

1801ರ ಆರಂಭದಲ್ಲಿ ಸ್ಕಾಟ್ಲೆಂಡಿನ ವೈದ್ಯನೊಬ್ಬ ಕಾರ್ಕಳದಿಂದ ಉಡುಪಿಗೆ ಬಂದ. ಹೆಸರು ಫ್ರಾನ್ಸಿಸ್ ಬುಕಾನನ್. ಶ್ರೀರಂಗಪಟ್ಟಣ ಬಿದ್ದು ಆಗ ಎರಡು ವರ್ಷವೂ ತುಂಬಿರಲಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೊಸದಾಗಿ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಕಾಳುಮೆಣಸು ಎಷ್ಟು, ಶ್ರೀಗಂಧ ಎಲ್ಲಿ, ಜನ ಯಾರು, ಜಮೀನು ಯಾರದು ಎಂದು ನೋಡಿ ಬರೆದುಕೊಂಡು ಬಾ ಎಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದ. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟವನು ಮೈಸೂರು ಸೀಮೆ, ಮಲಬಾರು ಸುತ್ತಿ, ಚಂದ್ರಗಿರಿ ಹೊಳೆ ದಾಟಿ ನಮ್ಮ ಸೀಮೆಗೆ ಕಾಲಿಟ್ಟಿದ್ದ. ಇವತ್ತು ಕಾರ್ಕಳದಲ್ಲಿ ಉಡುಪಿ ಬಸ್ಸು ಹತ್ತಿದರೆ ಬೈಲೂರು ಕಳೆದ ಮೇಲೆ ಹಿರಿಯಡ್ಕ ಸಿಗುತ್ತದೆ, ಮುಂದೆ ಪರ್ಕಳ, ಮಣಿಪಾಲ.

ನಾನು ಈ ಹಿರಿಯಡ್ಕದವನು. ದಸ್ತಾವೇಜು ಬರೆಯುವುದು ನನ್ನ ಕಸುಬಾಗಿತ್ತು. ಕ್ರಯಪತ್ರ, ದಾನಪತ್ರ, ಮರಣಶಾಸನ, ಎಲ್ಲಕ್ಕಿಂತ ಹೆಚ್ಚಾಗಿ ಪಾಲುಪಟ್ಟಿ. ಬುಕಾನನ್‌ನ ಮೂರು ಸಂಪುಟಗಳ ಪ್ರವಾಸ ಗ್ರಂಥವನ್ನು ಚರಿತ್ರೆಯವರು ಬಸದಿ, ಗದ್ದೆ, ಸುಂಕದ ವಿವರಗಳಿಗಾಗಿ ಓದುತ್ತಾರೆ. ನನಗೆ ಅಭ್ಯಾಸಬಲ. ಯಾರ ಹೆಸರು ಕಂಡರೂ ಇವನ ಆಸ್ತಿ ಯಾರಿಂದ ಬಂತು, ಯಾರಿಗೆ ಹೋಯಿತು ಎಂದು ಹುಡುಕುತ್ತೇನೆ. ಹಾಗೆ ಹುಡುಕಿದಾಗ ಈ ದೊರೆಯ ಮನೆಯ ಕತೆ ನಮ್ಮ ಬೀಡು-ಗುತ್ತುಗಳ, ಎಂದರೆ ಹಳೆಯ ಜಮೀನುದಾರ ಮನೆತನಗಳ, ಕತೆಗೆ ಬಹಳ ಹತ್ತಿರದ್ದು ಎನ್ನಿಸಿತು.

ಅವನು ಹುಟ್ಟಿದ್ದು 1762ರ ಫೆಬ್ರವರಿ 15ರಂದು. ಅಪ್ಪ ಥಾಮಸ್ ಬುಕಾನನ್ ವೈದ್ಯ, ಸ್ಪಿಟಲ್ ಎಂಬ ಮನೆತನದವನು. ಪರ್ತ್‌ಶೈರಿನ ಕ್ಯಾಲೆಂಡರ್ ಪೇಟೆಯ ಬಳಿಯ ಲೆನಿ ಎಂಬ ಜಹಗೀರು ಅವನದು. ಜೊತೆಗೆ ಬುಕಾನನ್ ಕುಲಕ್ಕೇ ನಾನು ಮುಖ್ಯಸ್ಥ ಎಂಬ ಹಕ್ಕುವಾದವೂ ಇತ್ತು. ತಾಯಿ ಎಲಿಜಬೆತ್ ಹ್ಯಾಮಿಲ್ಟನ್, ಗ್ಲಾಸ್ಗೋದ ಉತ್ತರಕ್ಕಿರುವ ಬಾರ್ಡೋವಿ ಮನೆತನದವಳು. ಇಂಥ ಒಡೆಯರನ್ನು ಅಲ್ಲಿ ಲೇರ್ಡ್ ಎನ್ನುತ್ತಾರೆ. ಡ್ಯೂಕು, ಅರ್ಲುಗಳಷ್ಟು ಎತ್ತರದವರಲ್ಲ, ಪಾರ್ಲಿಮೆಂಟಿನಲ್ಲಿ ಪೀಠವಿಲ್ಲ. ಆದರೆ ತಮ್ಮ ಸೀಮೆಯಲ್ಲಿ ಅವರ ಮಾತೇ ಮಾತು. ನಮ್ಮ ಕಡೆ ಗುತ್ತಿನ ಯಜಮಾನರಿಗೆ ಕಂಬಳದಲ್ಲಿ, ಕೋಲದಲ್ಲಿ ಇದ್ದ ಮರ್ಯಾದೆಯನ್ನು ನೆನೆದುಕೊಂಡರೆ ಸರಿಸುಮಾರು ಅರ್ಥವಾಗುತ್ತದೆ.

ಎರಡೂ ಕಡೆ ಭೂಮಿ ಇದ್ದರೂ ಹುಡುಗನಿಗೆ ಏನೂ ಇರಲಿಲ್ಲ, ಯಾಕೆಂದರೆ ಅವನು ನಾಲ್ಕನೆಯ ಮಗ. ಸ್ಕಾಟ್ಲೆಂಡಿನಲ್ಲಿ ಆಗ ಸ್ಥಿರಾಸ್ತಿಯೆಲ್ಲ ಹಿರಿಯ ಮಗನಿಗೆ. ಎರಡನೆಯವನಿಗೂ ಇಲ್ಲ, ಹೆಣ್ಣುಮಕ್ಕಳಿಗೆ ಗಂಡುಮಕ್ಕಳೇ ಇಲ್ಲದಿದ್ದಾಗ ಮಾತ್ರ. 1685ರಲ್ಲಿ ಅಲ್ಲಿನ ಪಾರ್ಲಿಮೆಂಟು ಇನ್ನೂ ಒಂದು ಬೀಗ ಹಾಕಿತು. ಒಡೆಯನು ದಸ್ತಾವೇಜು ಬರೆದು ನೋಂದಾಯಿಸಿದರೆ ಮುಂದಿನ ತಲೆಮಾರುಗಳು ಆ ಆಸ್ತಿಯನ್ನು ಮಾರುವ ಹಾಗಿಲ್ಲ, ಪಾಲು ಮಾಡುವ ಹಾಗಿಲ್ಲ, ಸಾಲಕ್ಕೆ ಕಳೆಯುವ ಹಾಗೂ ಇಲ್ಲ. ದಸ್ತಾವೇಜಿನಲ್ಲಿ ಬರೆದ ಕ್ರಮದಲ್ಲಿ ಒಬ್ಬರಾದ ಮೇಲೆ ಒಬ್ಬರು ಅನುಭವಿಸಬೇಕು, ಅಷ್ಟೆ. ಅಂಥ ಹೊಸ ಕಟ್ಟುಗಳನ್ನು ಮಾಡಬಾರದೆಂದು 1914ರಲ್ಲಿ ಕಾನೂನಾಯಿತು. ಸ್ಥಿರಾಸ್ತಿ ಹಿರಿಮಗನಿಗೇ ಎಂಬ ನಿಯಮ ಹೋಗುವುದಕ್ಕೆ 1964ರ ವಾರಸಾ ಕಾಯಿದೆ ಬರಬೇಕಾಯಿತು. ನಮ್ಮ ಹೆಣ್ಣುಮಕ್ಕಳಿಗೆ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು 1956ರಲ್ಲಿ. ಈ ಎರಡು ಇಸವಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದವರು ಕಡಿಮೆ.

ಮೂವರು ಅಣ್ಣಂದಿರಿದ್ದ ಫ್ರಾನ್ಸಿಸ್ ಕಸುಬು ಕಲಿಯಲೇಬೇಕಿತ್ತು. ಎಡಿನ್‌ಬರೋದಲ್ಲಿ ವೈದ್ಯ ಓದಿದ. 1783ರಲ್ಲಿ ಪದವಿ ಪಡೆದದ್ದು ಬಿಟ್ಟುಬಿಟ್ಟು ಬರುವ ಜ್ವರದ ಮೇಲೆ, ಎಂದರೆ ನಮ್ಮ ಮಲೇರಿಯಾದ ಮೇಲೆ, ಪ್ರಬಂಧ ಬರೆದು. ಸಸ್ಯಶಾಸ್ತ್ರದ ಹುಚ್ಚೂ ಅಲ್ಲೇ ಹತ್ತಿತು. ಆಮೇಲೆ ಹಡಗಿನ ವೈದ್ಯನಾಗಿ ಪೂರ್ವದ ಸಮುದ್ರಗಳಲ್ಲಿ ತಿರುಗಿದ. 1794ರಿಂದ ಕಂಪನಿಯ ಬಂಗಾಳ ವೈದ್ಯ ಸೇವೆ. ಆ ಕಾಲದಲ್ಲಿ ಭಾರತಕ್ಕೆ ಬಂದ ಸ್ಕಾಟರ ಪಟ್ಟಿ ಮಾಡಿದರೆ ಇಂಥ ಕಿರಿಯ ಮಕ್ಕಳು ಸಾಲುಸಾಲಾಗಿ ಸಿಗುತ್ತಾರೆ. ಮನೆ ಅಣ್ಣನಿಗೆ, ಹಡಗು ತಮ್ಮನಿಗೆ.

ನಮ್ಮ ಕಡೆ ಹಡಗಿನ ಬದಲು ಬೊಂಬಾಯಿ ಇತ್ತು. ನನ್ನ ಅಜ್ಜಿಯ ಅಣ್ಣತಮ್ಮಂದಿರಲ್ಲಿ ಹಿರಿಯವರು ಮನೆಯ ಯಜಮಾನಿಕೆಗೆ ನಿಂತರು, ಉಳಿದವರು ಹೋಟೆಲಿನಲ್ಲಿ ತಟ್ಟೆ ತೊಳೆಯಲು ಹೋದರು. ಕುಟುಂಬದ ಗದ್ದೆ ಎಷ್ಟಿದ್ದರೂ ಒಬ್ಬೊಬ್ಬರ ಹೆಸರಿಗೆ ಅಂಗೈಯಗಲವೂ ಇಲ್ಲ. ಬಡತನ ಒಂದು ಕಾರಣ, ಒಡೆಯದ ಆಸ್ತಿ ಇನ್ನೊಂದು. ಮುಂಬಯಿಯಲ್ಲಿ ಹೋಟೆಲು ಕಟ್ಟಿದ ಉಡುಪಿಯವರ ಬಗ್ಗೆ ಬರೆಯುವವರು ಮೊದಲನೆಯದನ್ನು ಹೇಳುತ್ತಾರೆ, ಎರಡನೆಯದನ್ನು ಹೇಳುವುದಿಲ್ಲ.

ಆಸ್ತಿ ಹಾಗೆ ಒಡೆಯದಂತೆ ಹಿಡಿದಿಟ್ಟ ಕಟ್ಟಿನ ಹೆಸರು ಅಳಿಯಸಂತಾನ. ಬಯಲುಸೀಮೆಯ ಓದುಗರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಹೆಸರು ಕೇಳಿ ಮಗಳ ಗಂಡನಿಗೆ ಆಸ್ತಿ ಎಂದುಕೊಳ್ಳುವವರನ್ನು ಕಂಡಿದ್ದೇನೆ. ಇಲ್ಲಿ ಅಳಿಯ ಅಂದರೆ ಅಕ್ಕತಂಗಿಯ ಮಗ. ಕುಟುಂಬ ಎಂದರೆ ಒಬ್ಬ ಮೂಲ ಸ್ತ್ರೀಯಿಂದ ಹೆಣ್ಣಿನ ಸಾಲಿನಲ್ಲಿ ಇಳಿದು ಬಂದವರೆಲ್ಲ. ಗಂಡಸು ತಾಯಿಯ ಕುಟುಂಬದವನು. ಅವನ ಹೆಂಡತಿ ಮಕ್ಕಳು ಬೇರೆ ಕುಟುಂಬದವರು, ಆ ಹೆಂಡತಿಯ ತಾಯಿಯ ಕುಟುಂಬದವರು. ಬಳಿ, ಎಂದರೆ ಕುಲದ ಗುರುತು, ಅದೂ ಹಾಗೆಯೇ ತಾಯಿಯಿಂದ ಬರುತ್ತದೆ. ಒಂದೇ ಬಳಿಯವರು ಮದುವೆಯಾಗುವುದಿಲ್ಲ. ವಯಸ್ಸಿನಲ್ಲಿ ಹಿರಿಯರಾದವರು, ಗಂಡಾಗಲಿ ಹೆಣ್ಣಾಗಲಿ, ಯಜಮಾನ ಅಥವಾ ಯಜಮಾನ್ತಿ. ಬಂಟರು, ಬಿಲ್ಲವರು, ಇಲ್ಲಿನ ಜೈನರು, ಇನ್ನೂ ಹಲವರು ಈ ಕಟ್ಟಿನವರು.

ಅರಸರೂ ಹೊರತಲ್ಲ. ಕಾರ್ಕಳದ ಚತುರ್ಮುಖ ಬಸದಿಯನ್ನು 1586ರಲ್ಲಿ ಕಟ್ಟಿಸಿದ ಇಮ್ಮಡಿ ಭೈರವರಸ ಪಟ್ಟಕ್ಕೆ ಬಂದದ್ದು ತಾಯಿ ಗುಮ್ಮಟಾಂಬೆಯ ಕಡೆಯಿಂದ. ಹಿಂದಿನ ಭೈರವರಸ ಅವನ ಸೋದರಮಾವ. ಮೂಡುಬಿದಿರೆಯ ಚೌಟರದ್ದೂ ಇದೇ ಪದ್ಧತಿ. ಉಳ್ಳಾಲದ ರಾಣಿ ಅಬ್ಬಕ್ಕನನ್ನು ಪೋರ್ಚುಗೀಸರ ಮೇಲೆ ಯುದ್ಧ ಮಾಡಿದ ವೀರಳೆಂದು ಹೊಗಳುತ್ತೇವೆ, ಸರಿಯೇ. ಆದರೆ ಅವಳು ಸಿಂಹಾಸನದಲ್ಲಿ ಕೂರಲು ಗಂಡನ ಸಾವಾಗಲಿ, ಮಗನ ಎಳೆವಯಸ್ಸಾಗಲಿ ಬೇಕಾಗಿರಲಿಲ್ಲ ಎನ್ನುವುದನ್ನೂ ಒಟ್ಟಿಗೆ ಹೇಳಬೇಕು. ಪಟ್ಟ ಅವಳ ತಾಯಿಮನೆಯದು, ಅವಳದೇ.

ಈ ಪದ್ಧತಿ ಹೇಗೆ ಬಂತು ಎನ್ನುವುದಕ್ಕೆ ಭೂತಾಳಪಾಂಡ್ಯನ ಕತೆ ಹೇಳುತ್ತಾರೆ. ದೇವಪಾಂಡ್ಯನ ಹಡಗುಗಳನ್ನು ಭೂತರಾಜ ಕುಂಡೋದರ ತಡೆದು ಮಗನ ಬಲಿ ಕೇಳಿದ. ಹೆಂಡತಿ ಒಪ್ಪಲಿಲ್ಲ, ತಂಗಿ ಸತ್ಯವತಿ ತನ್ನ ಮಗ ಜಯಪಾಂಡ್ಯನನ್ನು ಒಪ್ಪಿಸಿದಳು. ಭೂತ ಮೆಚ್ಚಿ ಅವನನ್ನೇ ಭೂತಾಳಪಾಂಡ್ಯನೆಂಬ ಹೆಸರಿನಲ್ಲಿ ಅರಸನಾಗಿ ಮಾಡಿ ಆಸ್ತಿ ಇನ್ನು ಮುಂದೆ ಅಳಿಯನಿಗೆ ಎಂದು ಕಟ್ಟು ಮಾಡಿತು. ವಿದ್ವಾಂಸರು ಇದನ್ನು ಚರಿತ್ರೆಯೆಂದು ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೆ ಕತೆ ಕಟ್ಟಿದವರು ಆಸ್ತಿಯ ಪ್ರಶ್ನೆಯನ್ನು ಹೆಂಡತಿ ಮತ್ತು ತಂಗಿಯ ನಡುವೆ ತಂದು ನಿಲ್ಲಿಸಿದ್ದಾರಲ್ಲ, ಅವರು ನಮ್ಮ ಮನೆಗಳನ್ನು ಒಳಗಿನಿಂದ ಬಲ್ಲವರು.

ಬುಕಾನನ್ ಈ ಪದ್ಧತಿಯ ಬಗ್ಗೆ ಕೇಳಿ ಬರೆದುಕೊಂಡ. ಇಲ್ಲಿನ ಗಂಡಸಿನ ಆಸ್ತಿ ಸ್ವಂತ ಮಕ್ಕಳಿಗೆ ಹೋಗದೆ ಅಕ್ಕತಂಗಿಯರ ಮಕ್ಕಳಿಗೆ ಹೋಗುತ್ತದೆ ಎಂದು ದಾಖಲಿಸಿದ. ಅವನ ಬರಹ ಒಣಗಿದ್ದು. ಎಷ್ಟು ಹಾನೆ ಬೀಜ, ಎಷ್ಟು ಮುಡಿ ಅಕ್ಕಿ, ಯಾರು ಯಾರೊಡನೆ ಉಣ್ಣುತ್ತಾರೆ ಎಂಬ ಧಾಟಿಯಲ್ಲೇ ಸಾಗುತ್ತದೆ. ಕೆಲವು ಕಡೆ ನಮ್ಮವರ ಬಗ್ಗೆ ಉದಾಸೀನವೂ ಕಾಣುತ್ತದೆ. ಆದರೂ ನೋಡದ್ದನ್ನು ನೋಡಿದೆ ಎನ್ನದ ಮನುಷ್ಯ. ಕಚೇರಿಯಲ್ಲಿ ಕಾಗದ ಬರೆದು ಸವೆದ ನನ್ನಂಥವನಿಗೆ ಆ ಗುಣ ಹಿಡಿಸುತ್ತದೆ.

ಈ ಪ್ರವಾಸಕ್ಕೆ ಮೊದಲಿನ ಒಂದು ತಮಾಷೆಯ ಸಂಗತಿ ಇಲ್ಲಿ ಹೇಳಿಬಿಡುತ್ತೇನೆ. ಎಡಿನ್‌ಬರೋದಲ್ಲಿ ಜಾನ್ ಹೋಪ್ ಎಂಬ ಗುರುಗಳ ಸಸ್ಯಶಾಸ್ತ್ರ ಪಾಠವನ್ನು ಅವನು 1780ರಲ್ಲಿ ಬರೆದುಕೊಂಡಿದ್ದ. ಆ ಟಿಪ್ಪಣಿಯನ್ನು 1785ರ ಹಡಗು ಪ್ರಯಾಣದಲ್ಲಿ ಬಾಸ್ವೆಲ್ ಎಂಬ ಜೊತೆಗಾರನಿಗೆ ಕೊಟ್ಟ. ಅವನು ಸತ್ಯಮಂಗಲದಲ್ಲಿ ಕಳೆದುಕೊಂಡ. ಅದು ಟಿಪ್ಪುವಿನ ಕೈಸೇರಿತು. ಸುಲ್ತಾನ ಅದಕ್ಕೆ ಹೊಸ ರಟ್ಟು ಹಾಕಿಸಿ ತನ್ನ ಗ್ರಂಥಭಂಡಾರದಲ್ಲಿ ಇಟ್ಟುಕೊಂಡ. 1800ರಲ್ಲಿ ಒಬ್ಬ ಮೇಜರನ ಕಣ್ಣಿಗೆ ಬಿದ್ದು ಮೂಲ ವಾರಸುದಾರನಿಗೇ ಮರಳಿತು. ಯಾವ ನೋಂದಣಿಯೂ ಇಲ್ಲದೆ ಒಂದು ಸ್ವತ್ತು ಇಷ್ಟು ಸರಿಯಾಗಿ ಒಡೆಯನಿಗೆ ಮುಟ್ಟಿದ್ದನ್ನು ನನ್ನ ಕಸುಬಿನಲ್ಲಿ ಕಾಣಲಿಲ್ಲ.

ಆಮೇಲೆ ಅವನು ಬಂಗಾಳ, ಬಿಹಾರ ಅಳೆದ. ರಾಕ್ಸ್‌ಬರ್ಗ್‌ನ ನಂತರ 1814ರಲ್ಲಿ ಕಲಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದ. ಆರೋಗ್ಯ ಕೆಟ್ಟು 1815ರಲ್ಲಿ ಊರಿಗೆ ಹೊರಟಾಗ, ಅವನು ವರ್ಷಗಟ್ಟಲೆ ಬರೆಸಿ ಕೂಡಿಟ್ಟ ಗಿಡ, ಮೀನುಗಳ ಚಿತ್ರಗಳನ್ನು ಗವರ್ನರ್ ಜನರಲ್ ಹೇಸ್ಟಿಂಗ್ಸ್ ಸರ್ಕಾರದ ಸ್ವತ್ತೆಂದು ಹಿಡಿದಿಟ್ಟುಕೊಂಡ. ಈ ಹೇಸ್ಟಿಂಗ್ಸ್‌ನ ಹೆಂಡತಿ ಫ್ಲೋರಾ ಸ್ಕಾಟ್ಲೆಂಡಿನ ಲೌಡನ್ ಸೀಮೆಯ ಕೌಂಟೆಸ್; ಗಂಡನಿಂದ ಬಂದ ಬಿರುದಲ್ಲ, ಅಪ್ಪ ಸತ್ತಾಗ ಎಳೆಯ ವಯಸ್ಸಿನಲ್ಲೇ ಅವಳಿಗೆ ಬಂದದ್ದು. ಇಂಗ್ಲೆಂಡಿನವರಿಗಿಂತ ಸ್ಕಾಟರಲ್ಲಿ ಗಂಡು ಸಂತಾನ ಇಲ್ಲದಾಗ ಮಗಳಿಗೆ ಬಿರುದು ಸಲ್ಲುವುದು ಹೆಚ್ಚು.

ಊರಿಗೆ ಮರಳಿದ ಮೇಲೆ ಅವನ ಅದೃಷ್ಟ ತಿರುಗಿತು. ಅಣ್ಣಂದಿರ ಸಾಲು ಮುಗಿದು ಸರದಿ ನಾಲ್ಕನೆಯವನಿಗೆ ಬಂತು. ಅಪ್ಪನ ಲೆನಿಯೂ ಬಂತು, ತಾಯಿಯ ಮನೆಯ ಬಾರ್ಡೋವಿಯೂ ಬಂತು. ಹಿರಿಯಣ್ಣ ಕರ್ನಲ್ ಜಾನ್ ಮೊದಲೇ ಹ್ಯಾಮಿಲ್ಟನ್ ಎಂದು ಹೆಸರಿಟ್ಟುಕೊಂಡಿದ್ದ. ತಮ್ಮನೂ ಹಾಗೇ ಮಾಡಬೇಕಾಯಿತು. ಭೂಮಿ ಯಾವ ಮನೆಯದೋ ಹೆಸರೂ ಆ ಮನೆಯದೇ ಆಗಬೇಕು ಎಂಬುದು ಅಲ್ಲಿನ ಜಮೀನುದಾರರಲ್ಲಿ ಹಳೆಯ ಪದ್ಧತಿ. ಎಷ್ಟೋ ದಸ್ತಾವೇಜುಗಳಲ್ಲಿ ಹೆಸರೂ ಲಾಂಛನವೂ ಬದಲಾಗದಿದ್ದರೆ ಆಸ್ತಿ ಇಲ್ಲ ಎಂದೇ ಷರತ್ತು. ಅರುವತ್ತರ ಹತ್ತಿರ ಬಂದ, ಹೆಸರು ಮಾಡಿದ ವಿಜ್ಞಾನಿಯೊಬ್ಬ ಅಪ್ಪನ ಕುಲನಾಮ ಹಿಂದಕ್ಕೆ ಹಾಕಿ ತಾಯಿಯ ಮನೆಯ ಹೆಸರು ಹೊತ್ತುಕೊಂಡ.

ಇದರ ಗುರುತು ಇವತ್ತೂ ಅಳಿದಿಲ್ಲ. 1807ರ ಪ್ರವಾಸ ಗ್ರಂಥದ ಮೇಲೆ ಇರುವುದು ಫ್ರಾನ್ಸಿಸ್ ಬುಕಾನನ್. 1819ರ ನೇಪಾಳದ ಪುಸ್ತಕ, 1822ರ ಗಂಗಾನದಿಯ ಮೀನುಗಳ ಪುಸ್ತಕ, ಇವುಗಳ ಮೇಲೆ ಫ್ರಾನ್ಸಿಸ್ ಹ್ಯಾಮಿಲ್ಟನ್, ಹಿಂದಿನ ಹೆಸರು ಬುಕಾನನ್ ಎಂಬ ವಿವರಣೆಯೊಂದಿಗೆ. ಸಿಹಿತಿಂಡಿಗೆ ಹಾಕುವ ಚಾರೋಳಿಯ ಮರಕ್ಕೆ ಶಾಸ್ತ್ರೀಯ ಹೆಸರು ಬುಕನೇನಿಯಾ. ಅದು ಅಪ್ಪನ ಮನೆಯದು. ನಮ್ಮ ಕೆರೆಗಳಲ್ಲಿ ಸಾಕುವ ರೋಹು, ಕಾಟ್ಲಾ ಮೀನುಗಳ ಶಾಸ್ತ್ರೀಯ ಹೆಸರಿನ ಮುಂದೆ ಹ್ಯಾಮಿಲ್ಟನ್, 1822 ಎಂದು ಬರೆಯುತ್ತಾರೆ. ಅದು ತಾಯಿಯ ಮನೆಯದು. ಬಂಗಾಳಿಗಳು ಪ್ರಾಣ ಬಿಡುವ ಇಲಿಶ್ ಮೀನಿಗೂ ಅದೇ ಹೆಸರು. ಗ್ರಂಥಾಲಯಗಳವರು ಈಗ ಎರಡನ್ನೂ ಸೇರಿಸಿ ಬುಕಾನನ್-ಹ್ಯಾಮಿಲ್ಟನ್ ಎನ್ನುತ್ತಾರೆ. ಜಂಟಿ ಖಾತೆ ಮಾಡಿದ ಹಾಗೆ.

ಮನೆ, ಹೆಸರು ಸಿಕ್ಕರೂ ಅವನಿಗೆ ಇನ್ನೊಂದು ಆಸೆ ಉಳಿದಿತ್ತು. ಲೋಮಂಡ್ ಸರೋವರದ ಪೂರ್ವ ದಂಡೆಯಲ್ಲಿ ಬುಕಾನನ್ನರ ಮೂಲ ಸೀಮೆ. ಆ ಕುಲದ ಮುಖ್ಯಸ್ಥ ಗಂಡು ಸಂತಾನವಿಲ್ಲದೆ 1681ರಲ್ಲಿ ತೀರಿಕೊಂಡಿದ್ದ. ಸಾಲದಲ್ಲಿ ಮುಳುಗಿದ್ದ ಭೂಮಿ ಮಾಂಟ್ರೋಸ್ ಮನೆತನಕ್ಕೆ ಮಾರಿಹೋಯಿತು. ಫ್ರಾನ್ಸಿಸ್ 1820ರ ದಶಕದಲ್ಲಿ ಹಳೆಯ ವಂಶಾವಳಿಗಳನ್ನು ಹುಡುಕಿ, ಕುಲದ ಮುಖ್ಯಸ್ಥಿಕೆ ನನಗೆ ಸಲ್ಲಬೇಕು ಎಂದು ಹಕ್ಕು ಹೂಡಿದ. ಗಮನಿಸಬೇಕಾದದ್ದು ಇಷ್ಟು: ತಾಯಿಯ ಹೆಸರಿನಿಂದ ಭೂಮಿ ಅನುಭವಿಸುತ್ತ, ಅಪ್ಪನ ಸಾಲಿನಿಂದ ಪಟ್ಟ ಕೇಳಿದ. ನಮ್ಮ ನ್ಯಾಯಾಲಯಗಳಲ್ಲಿ ಇಂಥ ಎರಡು ದೋಣಿಯ ಅರ್ಜಿಗಳನ್ನು ನಾನು ಸಾಕಷ್ಟು ಕಂಡಿದ್ದೇನೆ. 1829ರ ಜೂನ್ 15ರಂದು ತೀರಿಕೊಂಡ. ಬುಕಾನನ್ ಕುಲಕ್ಕೆ ಮತ್ತೆ ಮುಖ್ಯಸ್ಥನೊಬ್ಬನನ್ನು ಸ್ಕಾಟ್ಲೆಂಡಿನ ಲಾಂಛನಾಧಿಕಾರಿ ಮಾನ್ಯ ಮಾಡಿದ್ದು 2018ರಲ್ಲಿ, ಮುನ್ನೂರು ವರ್ಷ ದಾಟಿದ ಮೇಲೆ.

ಹಿರಿಯ ಮಗನಿಗೆ ಎನ್ನುವ ಅವರ ಕಟ್ಟು, ತಂಗಿಯ ಮಕ್ಕಳಿಗೆ ಎನ್ನುವ ನಮ್ಮ ಕಟ್ಟು ಹೊರಗಿನಿಂದ ಎದುರುಬದುರು ಕಾಣುತ್ತವೆ. ಕಾಗದ ಬರೆದವನಾಗಿ ನನಗೆ ಕಂಡದ್ದು, ಎರಡರ ಗುರಿಯೂ ಒಂದೇ: ಭೂಮಿ ಚೂರಾಗಬಾರದು. ನಮ್ಮಲ್ಲಿ 1863ರಲ್ಲಿ ಮುಂಡ ಚೆಟ್ಟಿ ಮತ್ತು ತಿಮ್ಮಾಜು ಹೆಂಗಸಿನ ಮೊಕದ್ದಮೆಯಲ್ಲಿ ಮದರಾಸು ಹೈಕೋರ್ಟು, ಅಳಿಯಸಂತಾನ ಕುಟುಂಬದ ಸದಸ್ಯ ಬಲವಂತವಾಗಿ ಪಾಲು ಕೇಳುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. ಎಲ್ಲರೂ ಒಪ್ಪುವುದು ಎಲ್ಲಿಂದ? ಮುಂದಿನ ಎಂಬತ್ತಾರು ವರ್ಷ ಮನೆಯೊಳಗೆ ಬೇರೆ ಬೇರೆ ಒಲೆ ಉರಿದವು, ಆಸ್ತಿ ಒಂದೇ ಉಳಿಯಿತು.

1949ರ ಮದರಾಸು ಅಳಿಯಸಂತಾನ ಕಾಯಿದೆ ಬೀಗ ತೆಗೆಯಿತು. ಕುಟುಂಬದೊಳಗಿನ ಪ್ರತಿ ಹೆಣ್ಣಿನ ಸಾಲಿಗೆ ಕವರು ಎಂದು ಹೆಸರು. ಕವರು ಪಾಲು ಕೇಳಬಹುದು. ಇದರಲ್ಲಿ ಐವತ್ತು ತುಂಬದ ಹೆಂಗಸು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಬೇರೆ ಸಂತತಿ ಕವರು ಇದ್ದಲ್ಲಿ ನಿಸ್ಸಂತತಿ ಕವರಿಗೆ ಬಂದ ಪಾಲು ಬದುಕಿರುವವರೆಗೆ ಮಾತ್ರ. ಅಂದರೆ ಗಂಡುಮಕ್ಕಳು ಹತ್ತು ಜನ ಇದ್ದರೂ ಹೆಣ್ಣು ಇಲ್ಲದ ಮನೆಗೆ ಪೂರ್ಣ ಹಕ್ಕು ಇರಲಿಲ್ಲ. ಬುಕಾನನ್ನರ ಮುಖ್ಯಸ್ಥಿಕೆ ಗಂಡಿಲ್ಲದೆ ನಿಂತುಹೋಯಿತು. ನಮ್ಮ ಮನೆಗಳು ಹೆಣ್ಣಿಲ್ಲದೆ ನಿಂತುಹೋದವು. ನನ್ನ ಅಜ್ಜಿ ಮಗಳು ಹುಟ್ಟಲೆಂದು ಹರಕೆ ಹೊತ್ತವಳು. ಅವಳಿಗೆ ಅದೊಂದು ವಿಶೇಷ ಸಂಗತಿಯೂ ಆಗಿರಲಿಲ್ಲ.

ಹಾಗೆಂದು ಅಳಿಯಸಂತಾನದಲ್ಲಿ ಹೆಂಗಸರು ರಾಣಿಯರಾಗಿದ್ದರು ಎಂದು ಭಾಷಣ ಮಾಡುವವರ ಜೊತೆ ನಾನು ಸೇರುವುದಿಲ್ಲ. ಹಕ್ಕು ತಾಯಿಯದು, ಬೀಗದ ಕೈ ಮಾವನದು. ಕೋರ್ಟು ಯಜಮಾನ್ತಿ ಎಂದು ಒಪ್ಪಿದರೂ ಗೇಣಿ ಲೆಕ್ಕ ಬರೆದದ್ದು, ಮೂಲಗೇಣಿ ಚೀಟಿಗೆ ರುಜು ಹಾಕಿದ್ದು ಹೆಚ್ಚಾಗಿ ಅವಳ ತಮ್ಮನೋ ಮಗನೋ. ಮಾವಂದಿರು ಕೂಡ ಸ್ವಂತ ಹೆಂಡತಿ ಮಕ್ಕಳಿಗೆ ಗುಟ್ಟಾಗಿ ಹಣ ದಾಟಿಸಿದ ಕತೆ ಪ್ರತಿ ಮನೆಯಲ್ಲೂ ಇದೆ. ಹಿರಿಯಡ್ಕದ ವೀರಭದ್ರ ದೇವಸ್ಥಾನದಲ್ಲಿ ಸಿರಿಜಾತ್ರೆ ನಡೆಯುತ್ತದೆ, ಗೊತ್ತಿರಬಹುದು. ಅಲ್ಲಿ ಹೆಂಗಸರು ಹಾಡುವ ಸಿರಿ ಎಂಬವಳ ಕತೆಯೇ ಆಸ್ತಿ ತಕರಾರಿನದು. ಸತ್ಯನಾಪುರದ ಬೆರ್ಮು ಆಳ್ವ ತೀರಿಕೊಂಡ ಮೇಲೆ ಅರಮನೆ ಮೊಮ್ಮಗಳು ಸಿರಿಗೆ ಸಲ್ಲಬೇಕು. ಅರಮನೆ ತನ್ನದೆಂದು ಬಂದ ಅಣ್ಣು ಶೆಟ್ಟಿ ಲಂಚ ಕೊಟ್ಟು ಪಂಚಾಯತಿಯನ್ನು ತನ್ನ ಕಡೆ ತಿರುಗಿಸುತ್ತಾನೆ. ಸಿರಿ ಅರಮನೆ ಉರಿದುಹೋಗಲೆಂದು ಶಾಪವಿಟ್ಟು ಹೊರಡುತ್ತಾಳೆ. ಹೆಣ್ಣಿನ ಸಾಲಿನ ನಾಡಿನಲ್ಲೇ ಹೆಣ್ಣಿಗೆ ಪಾಲು ತಪ್ಪಿದ ಕತೆಯನ್ನು ಹೆಂಗಸರು ಇಷ್ಟು ತಲೆಮಾರು ಮೈದುಂಬಿ ಹಾಡುತ್ತ ಬಂದಿದ್ದಾರೆ.

1956ರ ಕಾಯಿದೆ ಬಂದು ಕವರಿನ ಅವಿಭಕ್ತ ಹಕ್ಕು ಕೂಡ ಹೆಂಡತಿ, ಮಕ್ಕಳಿಗೆ ಇಳಿಯುವಂತೆ ಮಾಡಿತು. 1974ರ ಭೂಸುಧಾರಣೆ ಉಳಿದದ್ದನ್ನು ಮುಗಿಸಿತು. ಒಕ್ಕಲುಗಳು ಡಿಕ್ಲರೇಶನ್ ಹಾಕಿದರು, ಗದ್ದೆ ಅವರದಾಯಿತು. ಬೀಡಿನವರಿಗೆ ದೊಡ್ಡ ಮನೆ, ಭೂತದ ಮಂಚ, ಚಾವಡಿಯ ಕಂಬ ಉಳಿದವು. ನನ್ನ ಮಾವಂದಿರು ಇದನ್ನು ಕೊನೆಯವರೆಗೂ ಕ್ಷಮಿಸಲಿಲ್ಲ. ನಾನು ಆ ಒಕ್ಕಲುಗಳ ಮಕ್ಕಳ ಕಾಗದವನ್ನೂ ಬರೆದವನು. ನ್ಯಾಯವೇ ಆಯಿತು ಎಂದು ಹೇಳಬಲ್ಲೆ. ಸ್ಕಾಟ್ಲೆಂಡಿನಲ್ಲಿ ಅಂಥದ್ದು ಆಗಲಿಲ್ಲ. ಅಲ್ಲಿನ ಖಾಸಗಿ ಗ್ರಾಮೀಣ ಭೂಮಿಯ ಅರ್ಧದಷ್ಟು ಇವತ್ತಿಗೂ ಐನೂರಕ್ಕಿಂತ ಕಡಿಮೆ ಒಡೆಯರ ಕೈಯಲ್ಲಿದೆ.

ಈಗಿನ ಮಕ್ಕಳು ಅಪ್ಪನ ಉಪನಾಮ ಬರೆಯುತ್ತಾರೆ, ಆಧಾರಿನಲ್ಲಿ ಅಪ್ಪನ ಹೆಸರು, ಬಳಿ ಯಾವುದೆಂದು ಕೇಳಲು ಮದುವೆಯ ಮಾತು ಬಂದಾಗ ಮಾತ್ರ ಅಮ್ಮನಿಗೆ ಫೋನು. ಅದಕ್ಕೆ ನನ್ನ ಆಕ್ಷೇಪವಿಲ್ಲ. ಒಂದು ಕೋರಿಕೆ ಇದೆ. ನಿಮ್ಮ ಮೂಲಮನೆಯ ಪೆಟ್ಟಿಗೆಯಲ್ಲಿ 1949ರ ನಂತರದ ಪಾಲುಪಟ್ಟಿ ಇದ್ದೇ ಇರುತ್ತದೆ. ಅದರ ಕೊನೆಗೆ ಸಂತತಿ ನಕ್ಷೆ ಇರುತ್ತದೆ. ತುದಿಯಲ್ಲಿ ಒಬ್ಬ ಹೆಂಗಸಿನ ಹೆಸರು, ಕೆಳಗೆ ಅವಳ ಹೆಣ್ಣುಮಕ್ಕಳು, ಅವರ ಹೆಣ್ಣುಮಕ್ಕಳು. ಗೆದ್ದಲು ಹಿಡಿಯುವ ಮೊದಲು ಅದನ್ನು ತೆಗೆದು ಎರಡು ಝೆರಾಕ್ಸ್ ಮಾಡಿಸಿ. ಒಂದನ್ನು ಮುಂಬಯಿಯಲ್ಲಿರುವವರಿಗೆ ಕಳಿಸಿ. ನಕ್ಷೆಯಲ್ಲಿ ಇಲ್ಲದ, ಆಮೇಲೆ ಹುಟ್ಟಿದ ಹೆಣ್ಣುಮಕ್ಕಳ ಹೆಸರನ್ನು ಇನ್ನೊಂದರಲ್ಲಿ ಪೆನ್ನಿನಿಂದ ಸೇರಿಸಿ, ತಾರೀಕು ಹಾಕಿ ಇಡಿ.